ಗಿರಿಜಾ ಮೇಡಂ ಬರೆದ ನೆರವಿನ ವರದಿ

"ಸಕ್ಕತ್ತಾಗಿ ಲ್ಯಾಂಡ್ ಮಾಡ್ದ ಮೇಡಂ" ಎಂದು ಯಾರಾದರೂ ಅಂದರೆ, ಗಿರಿಜಾ ಮೇಡಂ ಕನ್ನಡಕದ ಮೇಲಿಂದ ನೋಡಿ, "ಸಕ್ಕತ್ತು ಅಂದ್ರೆ ಎಷ್ಟು ಅಡಿ?" ಎಂದು ಕೇಳುತ್ತಿದ್ದರು. ಅಂದವನು ತಲೆ ಕೆರೆದುಕೊಂಡು ಕ್ಯಾಂಟೀನಿನ ದಾರಿ ಹಿಡಿಯುತ್ತಿದ್ದ.

ತುಮಕೂರು ರಸ್ತೆಯಾಚೆ ಇರುವ ನಮ್ಮ ವಿಮಾನ ತರಬೇತಿ ಮೈದಾನದ ಟವರಿನಲ್ಲಿ ಅವರೇ ಹಿರಿಯ ಕಂಟ್ರೋಲರ್. ಬಾಗಲಗುಂಟೆಯಿಂದ ಬರುತ್ತಿದ್ದರು. ಆಕಾಶದಲ್ಲಿ ತೊಂದರೆಗೆ ಸಿಕ್ಕ ಪೈಲಟ್‌ಗೆ ನಾವು ನೆರವಾದರೆ, ಅವನು ಕೇಳಿದ್ದೇನು, ನಾವು ಹೇಳಿದ್ದೇನು ಎಂದು ವರದಿ ಬರೆಯಬೇಕು. ಅವರ ಕೈಕೆಳಗಿನ ಕಿರಿಯ ಕಂಟ್ರೋಲರ್ ಆಗಿದ್ದ ನಾನೂ ಒಮ್ಮೆ ಬರೆದೆ, "ಜೀವದ ಹಂಗು ತೊರೆದು" ಎಂದು ಶುರು ಮಾಡಿ.

"ನೀನು ಎಸಿ ರೂಮಲ್ಲಿ ಕುರ್ಚಿ ಮೇಲೆ ಕೂತಿದ್ದೆ ಕಣೋ. ಯಾವ ಹಂಗು ತೊರೆದೆ?" ಎಂದರು ಮೇಡಂ. ನಾಲ್ಕು ಪುಟದ ನನ್ನ ಶೌರ್ಯ ಅವರ ಪೆನ್ನಿಗೆ ಸಿಕ್ಕಿ ನಾಲ್ಕು ಸಾಲಾಯಿತು.

ಒಂದು ಮಧ್ಯಾಹ್ನ ಶಿಲ್ಪಾ ಎಂಬ ತರಬೇತಿ ಪೈಲಟ್ ಬೇರೆ ಊರಿನ ಮೈದಾನದಿಂದ ನಮ್ಮಲ್ಲಿಗೆ ಒಬ್ಬಳೇ ಹಾರಿ ಬರುತ್ತಿದ್ದಳು. ಗದಗಿನ ಕಡೆಯ ಹುಡುಗಿ. ಮೋಡ ಕವಿದು ದಾರಿ ತಪ್ಪಿದಳು. ಎಲ್ಲಿದ್ದೀಯೆಂದು ನಾನು ನಿಯಮದ ಪುಸ್ತಕದಲ್ಲಿರುವ ಇಂಗ್ಲಿಷ್ ಪದಗಳಲ್ಲೇ ಮತ್ತೆ ಮತ್ತೆ ಕೇಳಿದೆ. ರೇಡಿಯೊದಲ್ಲಿ ಬರೀ ಬಿಕ್ಕಳಿಕೆ. ಮೇಡಂ ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು.

"ಶಿಲ್ಪಾ, ಕನ್ನಡದಲ್ಲೇ ಹೇಳಮ್ಮ. ಕೆಳಗೆ ಏನ್ ಕಾಣ್ತಿದೆ?"

ಉತ್ತರ ಬಂತು: "ಬರೇ ತಗಡಿನ ಶೀಟ್ ಕಾಣಾಕತ್ತಾವ್ರಿ."

"ಅದು ಪೀಣ್ಯದ ಕಾರ್ಖಾನೆಗಳು. ಪಕ್ಕದಲ್ಲಿ ದೊಡ್ಡ ರಸ್ತೆ ಇದ್ಯಾ, ಲಾರಿ ಸಾಲು?"

"ಐತ್ರಿ. ಆದ್ರ ಒಂದೂ ಮುಂದಕ್ಕ ಹೋಗವಲ್ವು."

"ಹಂಗಾದ್ರೆ ತುಮಕೂರು ರಸ್ತೆಯೇ, ಅನುಮಾನ ಬೇಡ. ಅದನ್ನ ಎಡಗಡೆ ಇಟ್ಕೊಂಡು ಊರಿಂದ ಆಚೆ ಬಾ. ಕೆಳಗೆ ಇಳೀಬೇಡ. ನಾನು ಇಲ್ಲೇ ಇದ್ದೀನಿ."

ಮೈದಾನ ಕಣ್ಣಿಗೆ ಬೀಳುವವರೆಗೆ ಮೇಡಂ ಮಾತು ನಿಲ್ಲಿಸಲಿಲ್ಲ. ವಿಮಾನ ಎರಡು ಸಲ ಕುಪ್ಪಳಿಸಿ ನೆಲ ಹಿಡಿಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಿಜವಾದ ಗಂಡಾಂತರ ಶುರುವಾದದ್ದು ಆಮೇಲೆ. ಮೇಡಂ ಬರೆದ ವರದಿ ಓದಿ ನಮ್ಮ ಮೇಲಧಿಕಾರಿಗಳು ಬೆವರೊರೆಸಿಕೊಂಡರು. ವಿಮಾನ ಕಳೆದುಹೋಗಿದ್ದಾಗ ಅವರು ಇಷ್ಟು ಬೆವರಿರಲಿಲ್ಲ. ಆಗ ಅವರು ಸ್ವಚ್ಛತಾ ಪಾಕ್ಷಿಕದ ಬ್ಯಾನರ್ ಕಟ್ಟಿಸುತ್ತಿದ್ದರು.

"ಕನ್ನಡ ಅನ್ನೋದೊಂದು ತೆಗೆದುಬಿಡಿ ಮೇಡಂ. 'ನಿಗದಿತ ಪದಗಳಲ್ಲಿ ಮಾರ್ಗದರ್ಶನ' ಅಂತ ಹಾಕಿ. ನಿಮ್ಮ ಹೆಸರನ್ನ ಪ್ರಶಸ್ತಿಗೆ ಕಳಿಸ್ತೀನಿ."

"ನಿಗದಿತ ಪದ ಇವನು ಹೇಳ್ದ ಸಾರ್, ಅವಳು ಅಳ್ತಿದ್ಳು" ಎಂದು ಮೇಡಂ ನನ್ನತ್ತ ಬೆರಳು ತೋರಿಸಿದರು. "ನಾಳೆ ಇನ್ನೊಬ್ಬಳು ಮೇಲೆ ಹಿಂಗೇ ಸಿಕ್ಕಾಕೊಂಡ್ರೆ, ಕೆಳಗೆ ಕೂತಿರೋರಿಗೆ ಏನ್ ಮಾಡ್ಬೇಕು ಅಂತ ಗೊತ್ತಿರ್ಬೇಕಲ್ಲ? ಅದಕ್ಕೇ ತಾನೇ ಬರೆಯೋದು?"

ವರದಿ ಇದ್ದಂತೆಯೇ ಹೋಯಿತು. ಪ್ರಶಸ್ತಿ ಇನ್ನೊಂದು ಟವರಿಗೆ ಸಂದಿತು. ಅಲ್ಲಿ ಯಾವ ವಿಮಾನವೂ ತೊಂದರೆಗೆ ಸಿಕ್ಕಿರಲಿಲ್ಲ, ಹಾಗಾಗಿ ವರದಿಗಳು ಬಹಳ ಶುದ್ಧವಾಗಿದ್ದವು. ಮೇಡಂಗೆ ಬಂದದ್ದು ವಿವರಣೆ ಕೇಳಿದ ಮೆಮೊ. "ಪೈಲಟ್ ಕ್ಷೇಮವಾಗಿ ಇಳಿದಿದ್ದಾಳೆ" ಎಂದಷ್ಟೇ ಉತ್ತರ ಬರೆದು ಟೀ ಕುಡಿಯಲು ಹೋದರು. ಈಗ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಓದಲು ಕೊಡುವುದು ಆ ವರದಿಯನ್ನೇ.

ಅವರ ನಿವೃತ್ತಿಯ ದಿನ ಕ್ಯಾಂಟೀನಿನಲ್ಲಿ ಸಮಾರಂಭವಿತ್ತು. ಮೇಡಂ ಟವರಿನ ಆಸ್ತಿ ಎಂದು ಮೇಲಧಿಕಾರಿಗಳು ಬಹಳ ಹೊತ್ತು ಭಾಷಣ ಮಾಡಿದರು. ಮೆಮೊ ಕಳಿಸಿದ ಕೈಯಿಂದಲೇ ಶಾಲು ಹೊದಿಸಿದರು. ಅಷ್ಟರಲ್ಲಿ ಶಿಲ್ಪಾ ಪೇಡದ ಡಬ್ಬಿ ಹಿಡಿದು ಒಳಗೆ ಬಂದಳು. ಅವಳಿಗೀಗ ಕಂಪನಿಯೊಂದರಲ್ಲಿ ಪೈಲಟ್ ಕೆಲಸ. ಅಂದು ಇಳಿದವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದಲೇ ಅವಳ ಊರಿಗೆ ಕಳಿಸಿದ್ದರು. ಮೇಡಂ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಗುಂಪಿನಲ್ಲಿ ಮೇಡಂ ಯಾರೆಂದು ತಿಳಿಯದೆ ಬಾಗಿಲಲ್ಲೇ ನಿಂತಳು.

"ಒಳಗೆ ಬಾಮ್ಮ, ಟೀ ತಗೋ" ಎಂದರು ಮೇಡಂ, ಯಾರೋ ಅತಿಥಿ ಎಂದುಕೊಂಡು.

ದನಿ ಕೇಳಿದ್ದೇ ತಡ, ಹುಡುಗಿ ಡಬ್ಬಿಯನ್ನು ನನ್ನ ಕೈಗೆ ತುರುಕಿ ಓಡಿಬಂದು ಅವರನ್ನು ತಬ್ಬಿಕೊಂಡಳು. "ನೀವ ಅಲ್ರಿ ಅದು? ನೀವ ಅಲ್ರಿ?"

ಮೇಡಂ ಹೊಸ ಶಾಲಿನಿಂದ ಮೊದಲು ಅವಳ ಕಣ್ಣೊರೆಸಿದರು, ಆಮೇಲೆ ತಮ್ಮವು.

ಮರುವರ್ಷ ಅವರು ತೀರಿಕೊಂಡಾಗ ನಾನು ಡ್ಯೂಟಿಯಲ್ಲಿದ್ದೆ. ಹೋಗಲಾಗಲಿಲ್ಲ. ಶಿಲ್ಪಾ ಹೋಗಿದ್ದಳಂತೆ.