ಸೊಸೆಯ ಬೆಲ್ಟು

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ವಕೀಲರು ಯಾವ ಮಾತಿಗೂ ತೋರುಬೆರಳು ಎತ್ತಿ, "ಶಾಸ್ತ್ರದಾಗ ಹಂಗ ಅದ" ಎನ್ನುತ್ತಿದ್ದರು. ಯಾವ ಶಾಸ್ತ್ರ ಎಂದು ಕೇಳಿದರೆ ಬೆರಳು ಇನ್ನಷ್ಟು ಮೇಲೇರುತ್ತಿತ್ತು, ಅಷ್ಟೇ.

ಹೆರಿಗೆಯಾದ ಮೇಲೆ ಅವರ ಸೊಸೆಗೆ ಬೆನ್ನುಮೂಳೆಯ ಬುಡದ ಕೀಲಿನಲ್ಲಿ ನೋವು ಹಿಡಿಯಿತು. ಹುಬ್ಬಳ್ಳಿಯ ಡಾಕ್ಟರು ಒಂದು ಬೆಲ್ಟು ಕೊಟ್ಟು, ಹೊಟ್ಟೆಯ ಮೇಲಲ್ಲ, ಕೆಳಗೆ ಟೊಂಕದ ಎಲುಬಿನ ಸುತ್ತ ಕಟ್ಟಬೇಕೆಂದು ತೋರಿಸಿಕೊಟ್ಟಿದ್ದರು. ಬಗ್ಗಿ ಏಳುವಾಗಲೇ ಅದು ಬೇಕು, ಬಗ್ಗುವ ಕೆಲಸವೆಲ್ಲ ಅಡುಗೆಮನೆಯಲ್ಲಿ. ಅಲ್ಲಿಯೇ ಮಾವನ ಬೆರಳು ಎದ್ದಿತು.

"ಮಡ್ಯಾಗ ಬೆಲ್ಟ್ ನಡ್ಯೂದಿಲ್ಲ ನೋಡವಾ. ಶಾಸ್ತ್ರದಾಗ ಹಂಗ ಅದ."

ಬೆಲ್ಟು ಗೂಟಕ್ಕೆ ತೂಗಿತು. ಮಡಿಸೀರೆ ಉಟ್ಟ ಸೊಸೆ ಗೋಡೆ ಹಿಡಿದು ಏಳತೊಡಗಿದಳು.

ಮರುವರ್ಷ ಅದೇ ನೋವು ವಕೀಲರಿಗೇ ಬಂತು. ದ್ವಾದಶಿಯ ಊಟಕ್ಕೆಂದು ನಾನು ಹೋದಾಗ, ರೇಷ್ಮೆ ಮಡಿಯ ಮೇಲೆ ಸೊಸೆಯ ಬೆಲ್ಟನ್ನೇ ಹೊಟ್ಟೆಗೆ ಬಿಗಿದುಕೊಂಡು ಪೂಜೆಗೆ ಕುಳಿತಿದ್ದರು. ನಾನು ನೋಡಿದ್ದೇ ತಡ, ಬೆರಳು ಎದ್ದಿತು.

"ನೀರಾಗ ಅದ್ದಿ ತಗದೇನಿ. ಔಷಧಕ್ಕ ಮೈಲಿಗಿ ಇಲ್ಲ. ಶಾಸ್ತ್ರದಾಗ ಹಂಗ ಅದ."

ಕಕ್ಷಿದಾರ ಬದಲಾದೊಡನೆ ವಕೀಲರ ವಾದವೂ ಬದಲಾಗಿತ್ತು.

ಎಲೆಯ ಮುಂದೆ ಕುಳಿತ ವಕೀಲರು ನರಳಿದರು. "ಈ ಬೆಲ್ಟಿನಿಂದ ಏನೂ ಗುಣ ಇಲ್ಲ ಬಿಡವಾ."

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಸೊಸೆ, ಅವರ ಹೊಟ್ಟೆಯ ಮೇಲೆ ಕುಳಿತಿದ್ದ ಬೆಲ್ಟನ್ನು ಒಮ್ಮೆ ನೋಡಿದಳು.

"ಇನ್ನೂ ಸ್ವಲ್ಪ ಬಿಗಿ ಮಾಡ್ಕೋರಿ, ಮಾವ" ಎಂದಳು. ಆಮೇಲೆ ಗೋಡೆ ಹಿಡಿದು, ಬಡಿಸಲು ಬಗ್ಗಿದಳು.