ನುಚ್ಚಿನ ಮೇಲೆ ಬೂಷ್ಟು ಬೆಳೆಸಿದ ಗಾದ್ರಮ್ಮ

ಗಾದ್ರಮ್ಮ ಹೋದ ಗುರುವಾರ ಸಂಜೆ ತೀರಿಕೊಂಡರು. ನಲವತ್ತೊಂಬತ್ತು ವರ್ಷ. ನ್ಯಾಮತಿ ಹತ್ತಿರದ ಹೊಲವೊಂದರ ಬದುವಿನ ಮೇಲೆ ಕೂತವರು ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಜೊತೆಗೆ ಹೋಗಿದ್ದ ಗೆಳತಿ ನಾಗರತ್ನ ಕುಡಿಯುವ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ಕಾಯಿಲೆಯಿಲ್ಲ, ಒಂದು ಮಾತ್ರೆ ನುಂಗಿದವರಲ್ಲ. ನಾಗರತ್ನಳಿಗೆ ಇನ್ನೂ ಅಳು ಬಂದಿಲ್ಲ.

ಹೊನ್ನಾಳಿ ಕಡೆಯ ಹಳ್ಳಿಯಲ್ಲಿ ಗಾದ್ರಮ್ಮ ಹನ್ನೆರಡು ವರ್ಷ ಶಾಲೆಯ ಬಿಸಿಯೂಟ ಬೇಯಿಸಿದವರು. ಆಮೇಲೆ ತರಬೇತಿ ಪಡೆದು, ನಾಗರತ್ನ ಸೇರಿ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು, ಹುಳು ಕೊಲ್ಲುವ ಬೂಷ್ಟು ಬೆಳೆಸಿ ರೈತರಿಗೆ ಮಾರತೊಡಗಿದರು. ಅಕ್ಕಿ ಗಿರಣಿಯ ನುಚ್ಚು, ಪುಡಿ ಮಾಡಿದ ಮೆಕ್ಕೆಜೋಳದ ಬೆಂಡು ಕವರಿಗೆ ತುಂಬಿ ಕುಕ್ಕರಿನಲ್ಲಿ ಬೇಯಿಸಬೇಕು. ಆರಿದ ಮೇಲೆ ಹೆಪ್ಪು ಹಾಕಿದ ಹಾಗೆ ಬೂಷ್ಟಿನ ಬೀಜ ಹಾಕಬೇಕು. ಎರಡು ವಾರಕ್ಕೆ ಕವರೆಲ್ಲ ಹಸಿರು. ನೀರಲ್ಲಿ ಕದಡಿ ಸುಳಿಗೆ ಹೊಡೆದರೆ ಮೆಕ್ಕೆಜೋಳ ತಿನ್ನುವ ಲದ್ದಿ ಹುಳು ಸೆಟೆದು ಸಾಯುತ್ತದೆ. ಮೊದಮೊದಲು ಅಡುಗೆಯ ಕೈ ಮಾತು ಕೇಳದೆ, ಮಕ್ಕಳಿಗೆ ಬಡಿಸುವಂತೆ ಮೆತ್ತಗೆ ಬೇಯಿಸಿ ಎಲ್ಲ ಹಳಸಿಹೋಯಿತು. "ಉಣ್ಣಾಕಲ್ಲ ಕಣೇ ಇದು, ಹಲ್ಲಿಗೆ ಗಟ್ಟಿ ಹತ್ತಬೇಕು" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಈ ಸಲ ಇವರ ಬೂಷ್ಟು ಕೊಂಡಿದ್ದ ನ್ಯಾಮತಿ ಹತ್ತಿರದ ರೈತ ಶಿವಮೂರ್ತಪ್ಪನ ಹೊಲದಲ್ಲಿ ಹುಳು ಸಾಯಲಿಲ್ಲ. "ಹಳಸಿದ ಅನ್ನ ಮಾರ್ತಾರೆ ಈ ಹೆಂಗಸ್ರು" ಎಂದು ಆತ ಹಾಲಿನ ಡೇರಿ ಮುಂದೆ ಆಡಿಕೊಂಡ. ಆ ಮಾತು ಉಳಿದರೆ ಈ ಐದು ಹೆಂಗಸರ ಕೆಲಸ ಉಳಿಯುವಂತಿರಲಿಲ್ಲ. ಗುರುವಾರ ಮಧ್ಯಾಹ್ನ ಗಾದ್ರಮ್ಮ ನಾಗರತ್ನಳನ್ನು ಕರೆದುಕೊಂಡು ಅವನ ಹೊಲಕ್ಕೇ ಹೋದರು.

"ಹೆಂಗೆ ಹೊಡದ್ರಿ ಯಜಮಾನ್ರೇ?"

"ಪಂಪಲ್ಲಿ. ಇನ್ನೇನು ಪೊರಕೇಲಿ ಹೊಡೀತಾರಾ?"

"ಪಂಪು ತೋರಿಸ್ರಿ."

ಅದು ಚನ್ನಗಿರಿಯ ಬೀಗರ ಪಂಪು. ಅವರು ಅಡಿಕೆಗೆ ಮೈಲುತುತ್ತು ಹೊಡೆಯುವವರು. ಮುಚ್ಚಳ ತೆಗೆದರೆ ಒಳಗೆಲ್ಲ ನೀಲಿ ಕಟ್ಟಿತ್ತು.

"ಮೈಲುತುತ್ತು ಇರೋದೇ ಬೂಷ್ಟು ಕೊಲ್ಲಾಕೆ. ನಮ್ಮದನ್ನೂ ಕೊಂದೈತೆ" ಎಂದರು ಗಾದ್ರಮ್ಮ.

ಶಿವಮೂರ್ತಪ್ಪ ತಲೆ ಕೆರೆದುಕೊಂಡ. "ಮೊದ್ಲೇ ಹೇಳಬಾರ್ದೇನಕ್ಕಾ?"

"ಹೇಳಬೇಕಿತ್ತು. ಅದು ನನ್ನ ತಪ್ಪು."

ಗೆದ್ದ ಮಾತನ್ನು ಹೀಗೆ ಬಿಟ್ಟುಕೊಟ್ಟರಲ್ಲ ಎಂದು ನಾಗರತ್ನಳಿಗೆ ಸಿಟ್ಟೇ ಬಂತು. ಗಾದ್ರಮ್ಮ ಪಂಪನ್ನು ಸೋಪು ಹಾಕಿ ಮೂರು ಸಲ ತೊಳೆದರು. ಚೀಲದಲ್ಲಿದ್ದ ಹೊಸ ಕವರು ಕದಡಿ, ಬಟ್ಟೆಯಲ್ಲಿ ಸೋಸಿ ತುಂಬಿ, ಬಿಸಿಲಿಗೆ ಬೂಷ್ಟು ಸಾಯುತ್ತದೆಂದು ಹೊತ್ತು ಇಳಿಯುವವರೆಗೆ ಕಾದರು. ಆಮೇಲೆ ಪಂಪನ್ನು ತಾವೇ ಬೆನ್ನಿಗೇರಿಸಿದರು. ಒಂದು ಸಾಲು ಮುಗಿಸಿ, ನಡುವೆ ಒಂದು ಗಿಡ ತಪ್ಪಿತೆಂದು ಹಿಂದಕ್ಕೆ ಬಂದು, ಅದರ ಸುಳಿಗೂ ಹೊಡೆದರು. ಆಮೇಲೆ ಪಂಪು ಇಳಿಸಿ ಬದುವಿನ ಮೇಲೆ ಕೂತರು.