ಶೇಗಡಿ ಆರಿಸಿದ ಮಧ್ಯಾಹ್ನ

ನನ್ನ ಮೊದಲ ಹೆರಿಗೆ ಬೇಸಿಗೆಯ ನಡುವೆ ಆಯಿತು. ಮೂವತ್ತರ ದಶಕದ ಮಾತು. ಅವ್ವ ತೀರಿಕೊಂಡಿದ್ದಳು, ಧಾರವಾಡದಲ್ಲಿ ಕೆಲಗೇರಿ ದಾರಿಯ ಮನೆಯಲ್ಲಿ ಬಾಣಂತನ ಮಾಡಿದವಳು ನಮ್ಮ ಆಯಿ, ಅವ್ವನ ತಾಯಿ. ಆಯಿಯ ಪ್ರಕಾರ ಬಾಣಂತಿಗೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ. ಕಿಟಕಿ ಮುಚ್ಚಿರಬೇಕು, ಕಿವಿಯಲ್ಲಿ ಹತ್ತಿ ಇರಬೇಕು, ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ ಇರಬೇಕು.

ಆ ವರ್ಷ ಸಂಜೆಯ ಗಾಳಿಯೂ ಸುಡುತ್ತಿತ್ತು. ಹಿತ್ತಲಿನ ಬೇವಿನ ಮರದಿಂದ ಕಾಗೆಯೊಂದು ಬಾಯಿ ತೆರೆದುಕೊಂಡೇ ಬಿದ್ದು ಸತ್ತಿತೆಂದು ಆಯಿ ಬಂದು ಹೇಳಿದಳು. ಹೇಳಿ, ಶೇಗಡಿಗೆ ಇನ್ನೆರಡು ಇದ್ದಿಲು ಹಾಕಿದಳು.

ಕೂಸಿಗೆ ಒಂಬತ್ತು ದಿನ. ಬೆಳಿಗ್ಗೆಯಿಂದ ಅದು ಮೊಲೆ ಹಿಡಿದಿರಲಿಲ್ಲ, ಅತ್ತಿರಲೂ ಇಲ್ಲ. ಮೈ ಕಾದಿತ್ತು. ನೆತ್ತಿಯ ಮೆತ್ತನೆಯ ಜಾಗ ಒಳಕ್ಕೆ ಕುಸಿದಿತ್ತು.

"ಆಯಿ, ಶೇಗಡಿ ತಗೀ. ಕೂಸು ಬೇಯಾಕತ್ತೈತಿ."

"ನಿಮ್ಮವ್ವನ್ನ ಇದ ಕ್ವಾಣ್ಯಾಗ ಬೆಳಸೇನಿ, ನಿನ್ನೂ ಬೆಳಸೇನಿ. ಇಬ್ಬರಾಗ ಯಾರು ಬೆಂದೀರಿ? ತಣ್ಣನ ಗಾಳಿ ಬಡದ್ರ ಆಮ್ಯಾಲ ಅಳ್ತಿ."

"ತಣ್ಣನ ಗಾಳಿ ಎಲ್ಲೈತಿ ಹೇಳು, ನಾನೂ ಹೋಗಿ ನಿಲ್ತೇನಿ."

"ನಿನ್ನ ನಾಲಿಗಿಗೇನೂ ಬಾಣಂತನ ಬೇಕಾಗಿಲ್ಲ ಬಿಡು" ಎಂದು ಆಯಿ ಊಟಕ್ಕೆ ಹೋದಳು.

ಉಂಡು ಅವಳು ಮಲಗಿದ ಮೇಲೆ ನಾನು ಶೇಗಡಿಯನ್ನು ಬಟ್ಟೆ ಹಿಡಿದು ಎತ್ತಿ ಬಚ್ಚಲಿಗೆ ಒಯ್ದೆ. ಒಂದು ತಂಬಿಗೆ ನೀರು ಸುರಿದೆ. ಚುಂಯ್ ಎಂದ ಸದ್ದಿಗೆ ಎಲ್ಲಿ ಎದ್ದಾಳೋ ಎಂದು ಉಸಿರು ಹಿಡಿದು ನಿಂತೆ. ಏಳಲಿಲ್ಲ. ಕಿಟಕಿ ತೆರೆದು, ಕೂಸಿನ ಮೈಮೇಲೆ ಒದ್ದೆ ಬಟ್ಟೆ ಹಾಸಿದೆ. ಸ್ವಲ್ಪ ಹೊತ್ತಿಗೆ ಅದು ಮೊಲೆ ಹಿಡಿಯಿತು. ಮೂರು ಗುಟುಕು. ಎಣಿಸಿದ್ದೆ.

ಅಷ್ಟರಲ್ಲಿ ಪಡುವಣ ದಿಕ್ಕು ಕಪ್ಪಾಯಿತು. ಮೊದಲು ಗಾಳಿ, ಅದರ ಹಿಂದೆಯೇ ಆಲಿಕಲ್ಲು. ಹಂಚುಗಳು ಒಡೆದು ಕೋಣೆಯೊಳಗೆ ಬಿದ್ದವು. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಸೆಕೆಯೆಲ್ಲ ಹೋಗಿ ನನ್ನ ಹಲ್ಲು ಕಟಕಟ ಎನ್ನತೊಡಗಿದವು. ಆಗ ಒದ್ದೆ ಬಟ್ಟೆಯ ನೆನಪಾಯಿತು. ಕಿತ್ತೆಸೆದು ನೋಡಿದರೆ ಕೂಸಿನ ಅಂಗಾಲು ನೀಲಿ. ಕೂಗಿಕೊಂಡೆ.

ಓಡಿಬಂದ ಆಯಿ ಹೊರಸಿನ ಕೆಳಗೆ ಬಗ್ಗಿದಳು.

"ಕೆಂಡ ಎಲ್ಲಿ?"

"ಆರಿಸೇನಿ."

ಅಡಿಗೆಮನೆಯಲ್ಲಿ ಸೂರು ಸೋರಿ ಒಲೆ, ಕಟ್ಟಿಗೆ, ಕಡ್ಡಿಪೆಟ್ಟಿಗೆ ಎಲ್ಲ ತೊಯ್ದಿದ್ದವು. ಆಯಿ ಕುಪ್ಪಸ ಬಿಚ್ಚಿ ಕೂಸನ್ನು ಬರಿಯ ಎದೆಗೆ ಅವಚಿಕೊಂಡು, ಮೇಲೆ ಕಂಬಳಿ ಹೊದ್ದು, ಹಂಚು ಉಳಿದಿದ್ದ ಮೂಲೆಯಲ್ಲಿ ಕುಳಿತಳು. ನಾನು ಕೂಸಿನ ಅಂಗಾಲು ಉಜ್ಜುತ್ತಲೇ ಇದ್ದೆ. ದೀಪ ಹಚ್ಚುವ ಹೊತ್ತಿಗೆ ಅವು ಕೆಂಪಾದವು. ಕೂಸು ಅತ್ತಿತು.

ಮರುದಿನ ಬೇವಿನ ಬುಡದಲ್ಲಿ, ಅಷ್ಟೂ ದಿನ ಬಿಸಿಲು ತಡೆದುಕೊಂಡಿದ್ದ ಗುಬ್ಬಿಗಳು ಸತ್ತು ಬಿದ್ದಿದ್ದವು. ಕಲ್ಲೇಟಿಗೋ ಚಳಿಗೋ, ಹೇಳಲಾರೆ. ನಾನು ಮಾಡಿದ್ದು ಸರಿಯೋ ತಪ್ಪೋ, ಅದನ್ನೂ ಹೇಳಲಾರೆ. ಆ ಮೂರು ಗುಟುಕು ಖರೆ, ಆ ನೀಲಿಯೂ ಖರೆ.

ಆಮೇಲೆ ಬಹಳ ದಿನ ನನಗೆ ಒಂದು ಕಡೆ ಕೂರಲಾಗಲಿಲ್ಲ. ಎರಡು ನಿಮಿಷಕ್ಕೊಮ್ಮೆ ಎದ್ದು ಕೂಸಿನ ಕಾಲು ಮುಟ್ಟುತ್ತಿದ್ದೆ.

"ಬಿಡವ್ವಾ, ಕೂಸಿನ ಅಂಗಾಲ ಸವದಾವು" ಎಂದು ಆಯಿ ಗದರುತ್ತಿದ್ದಳು. ನಾನು ಕೈ ತೆಗೆದ ಮೇಲೆ ತಾನೂ ಒಮ್ಮೆ ಮುಟ್ಟಿ ನೋಡುತ್ತಿದ್ದಳು.